ಜನ ಹೆಚ್ಚಾದರು, ಡೆಲಿವರಿ ಯಾಕೆ ತಡವಾಯಿತು?

ಓದುಗರ ಪ್ರಶ್ನೆ

"ನಮ್ಮದು ಗ್ರಾಹಕರು ಕೊಟ್ಟ ಅಳತೆಗೆ ಸ್ಟೀಲ್ ರ‍್ಯಾಕ್, ಕೌಂಟರ್, ಡಿಸ್‌ಪ್ಲೇ ಸ್ಟ್ಯಾಂಡ್ ಮಾಡಿಕೊಡುವ ಕಂಪನಿ. ಮೂರು ವರ್ಷದ ಹಿಂದೆ 18 ಜನ ಇದ್ದೆವು. ಕೈಯಲ್ಲಿ ಹದಿನೈದು ಆರ್ಡರ್ ಇರುತ್ತಿದ್ದವು, ವಾರಕ್ಕೆ 5 ಮುಗಿಸುತ್ತಿದ್ದೆವು, ಮೂರು ವಾರದಲ್ಲಿ ಡೆಲಿವರಿ ಆಗುತ್ತಿತ್ತು. ಈಗ 46 ಜನ ಇದ್ದೇವೆ. ವಾರಕ್ಕೆ 8 ಆರ್ಡರ್ ಹೊರಗೆ ಹೋಗುತ್ತವೆ, ಕೈಯಲ್ಲಿ ಯಾವಾಗಲೂ 60-65 ಇರುತ್ತವೆ. ಐದು ವಾರ ಅಂತ ಮಾತು ಕೊಡುತ್ತೇವೆ, ಎಂಟು ವಾರ ಹಿಡಿಯುತ್ತದೆ. ವ್ಯಾಪಾರ ದುಪ್ಪಟ್ಟಾಗಿದೆ, ಲಾಭ ಇದ್ದಲ್ಲೇ ಇದೆ.

ಕೊಟೇಶನ್, ಡ್ರಾಯಿಂಗ್ ಎಲ್ಲ ನಾನೇ ನೋಡಿ ಸಹಿ ಹಾಕುತ್ತೇನೆ. ಆದರೂ ತಪ್ಪಾಗುತ್ತದೆ. ವೆಲ್ಡಿಂಗ್‌ನವರಿಗೆ ಒಂದು ವಾರ ಕೆಲಸ ಇರಲ್ಲ, ಮರುವಾರ ಓವರ್‌ಟೈಮ್. ಅಕೌಂಟೆಂಟ್, ಆರ್ಡರ್, ಸ್ಟಾಕ್, ಲೆಕ್ಕ ಎಲ್ಲವನ್ನೂ ಒಂದೇ ಕಡೆ ನಡೆಸುವ ಇಆರ್‌ಪಿ ಸಾಫ್ಟ್‌ವೇರ್ ಹಾಕಿಸಿ ಅನ್ನುತ್ತಾರೆ. ಸೂಪರ್‌ವೈಸರ್ ಇನ್ನೂ ನಾಲ್ಕು ಜನ ವೆಲ್ಡರ್ ಬೇಕು ಅನ್ನುತ್ತಾರೆ. ಒಬ್ಬ ಕನ್ಸಲ್ಟೆಂಟ್ ಅರ್ಧ ದಿನ ಬಂದು ಆಫೀಸಿನಲ್ಲಿ ಕೂತು ಮಾತಾಡಿ, ಜನರಲ್ ಮ್ಯಾನೇಜರ್ ಇಡಿ, ಡಿಪಾರ್ಟ್‌ಮೆಂಟ್ ಮಾಡಿ, ಟಾರ್ಗೆಟ್ ಕೊಟ್ಟು ಇನ್ಸೆಂಟಿವ್ ಕೊಡಿ ಅಂದರು. ನನಗನ್ನಿಸುವುದು, ಹೊಸಬರಿಗೆ ಕೆಲಸದ ಮೇಲೆ ಶ್ರದ್ಧೆ ಇಲ್ಲ. ಮೊದಲಿನಿಂದ ಇರುವ ಸೂಪರ್‌ವೈಸರ್ ಕೈಲಿ ಇಷ್ಟು ದೊಡ್ಡ ಜಾಗ ನಿಭಾಯಿಸೋಕೆ ಆಗುತ್ತಿಲ್ಲವೇನೋ. ಅವರನ್ನು ಬದಲಾಯಿಸಬೇಕಾ? ಯಾವುದನ್ನು ಮೊದಲು ಮಾಡಲಿ?"

ಉತ್ತರ

ಪತ್ರದಲ್ಲಿ ಅಂಕಿಗಳನ್ನು ಕೊಟ್ಟಿದ್ದೀರಿ, ಒಳ್ಳೆಯದಾಯಿತು. "ಎಲ್ಲಾ ತಡ ಆಗ್ತಿದೆ" ಅಂತಷ್ಟೇ ಬರೆಯುವವರೇ ಜಾಸ್ತಿ, ಅವರಿಗೆ ಏನು ಹೇಳಿದರೂ ಅದು ಊಹೆಯೇ ಆಗುತ್ತದೆ.

ನಿಮ್ಮ ಚಿಂತೆ ನನಗೆ ಅರ್ಥವಾದದ್ದು ಹೀಗೆ. ಜನ ಎರಡೂವರೆ ಪಟ್ಟು ಆದರು, ಮುಗಿಯುವ ಕೆಲಸ ಒಂದೂವರೆ ಪಟ್ಟಿಗಿಂತ ಸ್ವಲ್ಪ ಹೆಚ್ಚಾಯಿತು, ಹಿಡಿಯುವ ದಿನ ಮಾತ್ರ ಎರಡೂವರೆ ಪಟ್ಟು ದಾಟಿತು. ಈಗ ಸುತ್ತಲಿನವರೆಲ್ಲ ಒಬ್ಬೊಬ್ಬರು ಒಂದೊಂದು ಸಲಹೆ ಕೊಡುತ್ತಿದ್ದಾರೆ. ಎಲ್ಲದಕ್ಕೂ ದುಡ್ಡು ಬೇಕು. ಯಾವುದಕ್ಕೆ ಹಾಕಿದರೆ ಡೆಲಿವರಿ ಸರಿಯಾಗುತ್ತದೆ ಎಂಬುದು ಗೊತ್ತಾಗುತ್ತಿಲ್ಲ. ನಾನು ಕೇಳುವ ಮೊದಲ ಪ್ರಶ್ನೆ ಬೇರೆ: ನಿಮ್ಮಲ್ಲಿ ಒಂದು ಆರ್ಡರ್ ಎಂಟು ವಾರ ಎಲ್ಲಿ ಇರುತ್ತದೆ? ಯಾರಾದರೂ ಅದರ ಮೇಲೆ ಕೆಲಸ ಮಾಡುತ್ತಾ ಇರುತ್ತಾರಾ, ಅಥವಾ ಅದು ಎಲ್ಲೋ ಕಾಯುತ್ತಾ ಕೂತಿರುತ್ತದಾ?

ನಿಮ್ಮ ಅಂಕಿಗಳೇ ಹೇಳುವ ಮಾತು

ಮುಂದೆ ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದಲ್ಲಿ ಪ್ರೊಫೆಸರ್ ಆದ ಜಾನ್ ಲಿಟಲ್ 1961ರಲ್ಲಿ ಒಂದು ಸಣ್ಣ ಸೂತ್ರಕ್ಕೆ ಗಣಿತದ ಆಧಾರ ಕೊಟ್ಟರು. ಕೈಯಲ್ಲಿರುವ ಕೆಲಸವನ್ನು, ವಾರಕ್ಕೆ ಮುಗಿಯುವ ಕೆಲಸದಿಂದ ಭಾಗಿಸಿ. ಒಂದು ಕೆಲಸಕ್ಕೆ ಸರಾಸರಿ ಎಷ್ಟು ವಾರ ಹಿಡಿಯುತ್ತದೆ ಎಂಬುದು ಸಿಗುತ್ತದೆ. ಆಸ್ಪತ್ರೆಯಿರಲಿ, ಕಾರ್ಖಾನೆಯಿರಲಿ, ಅಂಗಡಿ ಕೌಂಟರ್ ಇರಲಿ, ಲೆಕ್ಕ ಒಂದೇ.

ನಿಮ್ಮ ಹಳೆಯ ದಿನಗಳಿಗೆ ಹಾಕಿ ನೋಡಿ. 15 ಆರ್ಡರ್, ವಾರಕ್ಕೆ 5, ಅಂದರೆ 3 ವಾರ. ಈಗಿನದಕ್ಕೆ ಹಾಕಿ. 64 ಆರ್ಡರ್, ವಾರಕ್ಕೆ 8, ಅಂದರೆ 8 ವಾರ. ನೀವೇ ಬರೆದ ಸಂಖ್ಯೆಗೆ ಸರಿಯಾಗಿ ಕೂರುತ್ತದೆ, ಅಲ್ವಾ? ಈ ಲೆಕ್ಕದಲ್ಲಿ ಶ್ರದ್ಧೆ ಅನ್ನುವುದು ಎಲ್ಲೂ ಬರಲಿಲ್ಲ. 64 ಆರ್ಡರ್ ಒಳಗಿದ್ದು ವಾರಕ್ಕೆ 8 ಹೊರಗೆ ಹೋದರೆ, ಜಗತ್ತಿನ ಅತಿ ಶ್ರದ್ಧೆಯ ಜನರನ್ನು ತಂದು ಕೂರಿಸಿದರೂ ಎಂಟು ವಾರವೇ. ಕೈಯಲ್ಲಿರುವುದು ಕಡಿಮೆ ಆಗಬೇಕು, ಇಲ್ಲವೇ ವಾರಕ್ಕೆ ಹೋಗುವುದು ಹೆಚ್ಚಾಗಬೇಕು. ಮೂರನೆಯ ದಾರಿ ಇಲ್ಲ.

ಶ್ರದ್ಧೆಯ ಮಾತು ಬಂದಿದ್ದರಿಂದ ಒಂದು ವಿಷಯ ಹೇಳಿಬಿಡುತ್ತೇನೆ. 1950ರಲ್ಲಿ ಜಪಾನಿನ ಎಂಜಿನಿಯರುಗಳಿಗೆ ಗುಣಮಟ್ಟದ ಪಾಠ ಹೇಳಿದ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ ಅವರ ಅಂದಾಜಿನಲ್ಲಿ, ಕೆಲಸದ ಜಾಗದ ತೊಂದರೆಗಳಲ್ಲಿ ನೂರಕ್ಕೆ ಸುಮಾರು 94 ಭಾಗ ವ್ಯವಸ್ಥೆಯಿಂದ ಬರುತ್ತವೆ. ಅದು ಅವರ ಅನುಭವದ ಮಾತು, ಅಳೆದು ತೆಗೆದ ಅಂಕಿ ಅಲ್ಲ. ಹಾಗಾಗಿ 94 ಅನ್ನುವುದನ್ನು ಹಿಡಿದುಕೊಳ್ಳಬೇಡಿ. ಆದರೆ ನಾನು ಒಳಗೆ ಹೋಗಿ ನೋಡಿದ ಕಂಪನಿಗಳಲ್ಲೂ ದಿಕ್ಕು ಅದೇ. ಸೋಮಾರಿಗಳು ಇರುವುದಿಲ್ಲ ಅಂತಲ್ಲ. ಒಬ್ಬಿಬ್ಬರು ಸೋಮಾರಿಗಳಿಂದ ಮೂರು ವಾರ ಎಂಟು ವಾರ ಆಗುವುದಿಲ್ಲ, ಅಷ್ಟೇ.

ಹಾಗಾದರೆ ಎಲ್ಲಿ ನಿಂತಿದೆ?

ನಿಮ್ಮ ಪತ್ರದಲ್ಲಿ ಎರಡು ಸುಳಿವು ಇವೆ.

ಮೊದಲನೆಯದು ವೆಲ್ಡಿಂಗ್. ಒಂದು ವಾರ ಖಾಲಿ, ಮರುವಾರ ಓವರ್‌ಟೈಮ್. ವೆಲ್ಡರ್‌ಗಳು ನಿಜವಾಗಲೂ ಕಡಿಮೆ ಇದ್ದರೆ ಅವರ ಮುಂದೆ ಕೆಲಸ ಸದಾ ರಾಶಿ ಬಿದ್ದಿರುತ್ತಿತ್ತು, ಖಾಲಿ ವಾರ ಬರುತ್ತಲೇ ಇರಲಿಲ್ಲ. ಅಂದರೆ ಕೆಲಸ ಅವರ ತನಕ ಬರುವ ಮೊದಲೇ ಎಲ್ಲೋ ತಡೆದು ನಿಂತು, ಆಮೇಲೆ ಒಟ್ಟಿಗೆ ನುಗ್ಗುತ್ತಿದೆ. ಇನ್ನೂ ನಾಲ್ಕು ವೆಲ್ಡರ್ ತಂದರೆ ಖಾಲಿ ವಾರದಲ್ಲಿ ಕೂರುವವರು ನಾಲ್ಕು ಜನ ಜಾಸ್ತಿ ಆಗುತ್ತಾರೆ. ಸೂಪರ್‌ವೈಸರ್ ಹಾಗೆ ಕೇಳುವುದರಲ್ಲಿ ತಪ್ಪಿಲ್ಲ, ಅವರ ಕಣ್ಣಿಗೆ ಕಾಣುವುದು ಓವರ್‌ಟೈಮ್ ವಾರ.

ಎರಡನೆಯದು ನಿಮ್ಮ ಸಹಿ. ಬೇಜಾರು ಮಾಡಿಕೊಳ್ಳಬೇಡಿ, ಪ್ರತಿ ಕೊಟೇಶನ್, ಪ್ರತಿ ಡ್ರಾಯಿಂಗ್ ನಿಮ್ಮ ಮೇಜಿನ ಮೇಲಿಂದ ಹೋಗಬೇಕು ಎಂದರೆ, 46 ಜನರ ವೇಗ ನಿಮ್ಮೊಬ್ಬರ ವೇಗಕ್ಕೆ ಕಟ್ಟಿಹಾಕಿದ ಹಾಗಾಯಿತು. 18 ಜನ ಇದ್ದಾಗ ಈ ಪದ್ಧತಿ ಚೆನ್ನಾಗಿತ್ತು. ನಿಮ್ಮ ಕಂಪನಿಗೆ ಹೆಸರು ಬಂದದ್ದೇ ಅದರಿಂದ ಇರಬಹುದು. ಅದಕ್ಕೇ ಅದನ್ನು ಬಿಡುವುದು ಕಷ್ಟ.

ಇಲ್ಲಿ ಜನಕ್ಕೆ ಸುಲಭಕ್ಕೆ ನಂಬಿಕೆ ಬರದ ಒಂದು ಲೆಕ್ಕ ಇದೆ. ಟೆಲಿಫೋನ್ ಎಕ್ಸ್‌ಚೇಂಜ್‌ಗಳಲ್ಲಿ ಕರೆಗಳು ಯಾಕೆ ಕಾಯುತ್ತವೆ ಎಂದು ಹುಡುಕುತ್ತಾ ಡೆನ್ಮಾರ್ಕ್‌ನ ಎ.ಕೆ. ಎರ್ಲಾಂಗ್ 1909ರಲ್ಲಿ ಸಾಲು ಕಾಯುವ ಗಣಿತಕ್ಕೆ ಅಡಿಪಾಯ ಹಾಕಿದರು. ಮುಂದೆ ಅದೇ ಗಣಿತದಿಂದ ಬಂದ ಒಂದು ಸರಳ ಲೆಕ್ಕ ನೋಡಿ. ಕೆಲಸ ಯಾವಾಗ ಬೇಕಾದರೂ ಬರಬಹುದು, ಒಂದೊಂದಕ್ಕೆ ಒಂದೊಂದು ಹೊತ್ತು ಹಿಡಿಯಬಹುದು ಎಂದಿಟ್ಟುಕೊಳ್ಳಿ. ಒಬ್ಬರ ಸಮಯದಲ್ಲಿ ನೂರಕ್ಕೆ 80 ಭಾಗ ತುಂಬಿದ್ದರೆ, ಅವರ ಬಳಿ ಬಂದ ಕಾಗದ, ಅದನ್ನು ನೋಡಲು ಬೇಕಾಗುವ ಸಮಯದ 4 ಪಟ್ಟು ಹೊತ್ತು ಸಾಲಿನಲ್ಲಿ ಕಾಯುತ್ತದೆ. 90 ಭಾಗ ತುಂಬಿದ್ದರೆ 9 ಪಟ್ಟು. 95 ಆದರೆ 19 ಪಟ್ಟು.

ಗಮನಿಸಿ, 80ರಿಂದ 95ಕ್ಕೆ ಹೋಗುವಾಗ ಕೆಲಸ ಹೆಚ್ಚಾದದ್ದು ಐದನೇ ಒಂದು ಭಾಗಕ್ಕಿಂತ ಕಡಿಮೆ. ಕಾಯುವುದು ಮಾತ್ರ ಐದು ಪಟ್ಟಿನ ಹತ್ತಿರ. ನೀವು ದಿನವಿಡೀ ಬಿಡುವಿಲ್ಲದೆ ಓಡಾಡುತ್ತಿರುವವರು, ನಿಮ್ಮ ಮೇಜಿನ ಮೇಲೆ ಒಂದು ಡ್ರಾಯಿಂಗ್ ಎಷ್ಟು ದಿನ ಮಲಗಿರುತ್ತದೆ ಎಂದು ಯಾವತ್ತಾದರೂ ಎಣಿಸಿದ್ದೀರಾ? ಒಂದು ಡ್ರಾಯಿಂಗ್ ನೋಡಲು ಅರ್ಧ ಗಂಟೆ ಸಾಕು ಎನ್ನುವುದೂ ನಿಜ, ಅದು ನಿಮ್ಮ ಮೇಜಿನಿಂದ ಐದು ದಿನ ಆದರೂ ಏಳುವುದಿಲ್ಲ ಎನ್ನುವುದೂ ನಿಜ ಇರಬಹುದು.

"ನಾನೇ ನೋಡಿದರೂ ತಪ್ಪಾಗುತ್ತದೆ" ಅಂದಿರಿ. ನನಗೆ ಆಶ್ಚರ್ಯವಾಗಲಿಲ್ಲ. ಡ್ರಾಯಿಂಗ್ ಮಾಡುವವನಿಗೆ ಹೇಗೂ ಮಾಲೀಕರು ನೋಡುತ್ತಾರೆ ಎಂದು ಗೊತ್ತು, ಹಾಗಾಗಿ ಅವನು ಎರಡನೇ ಸಲ ನೋಡುವುದಿಲ್ಲ. ನೀವು ರಾತ್ರಿ ಒಂಬತ್ತಕ್ಕೆ ಸುಸ್ತಾಗಿ ಇಪ್ಪತ್ತು ಹಾಳೆ ತಿರುವಿ ಹಾಕುತ್ತೀರಿ, ಮಾಡಿದವನು ಸರಿಯಾಗೇ ಮಾಡಿರುತ್ತಾನೆ ಅಂದುಕೊಳ್ಳುತ್ತೀರಿ. ಇಬ್ಬರ ಸಹಿಯೂ ಇರುತ್ತದೆ, ಯಾರೂ ಸರಿಯಾಗಿ ನೋಡಿರುವುದಿಲ್ಲ.

ಆದರೂ ಇದು ದೂರದಿಂದ ನನ್ನ ಅನುಮಾನ. ತಡೆ ನಿಮ್ಮ ಮೇಜಿನಲ್ಲಿ ಇರದೆ ಮೆಟೀರಿಯಲ್ ತರಿಸುವಲ್ಲಿ ಇರಬಹುದು, ಪೌಡರ್ ಕೋಟಿಂಗ್‌ನಲ್ಲಿ ಇರಬಹುದು, ಗ್ರಾಹಕರು ಡ್ರಾಯಿಂಗ್ ಒಪ್ಪಲು ತೆಗೆದುಕೊಳ್ಳುವ ದಿನಗಳಲ್ಲಿ ಇರಬಹುದು. ಅದನ್ನು ಕಂಡುಹಿಡಿಯಲು ಸಾಫ್ಟ್‌ವೇರ್ ಬೇಡ. ಮೊದಲು, ಮುಗಿದುಹೋದ ಹತ್ತು ಆರ್ಡರ್‌ಗಳ ಫೈಲ್ ತೆಗೆಯಿರಿ. ಚೆನ್ನಾಗಿ ಹೋದವನ್ನು ಆರಿಸಬೇಡಿ, ಕೊನೆಯ ಹತ್ತನ್ನು ಹಾಗೇ ತೆಗೆದುಕೊಳ್ಳಿ. ಆರ್ಡರ್ ಬಂದ ತಾರೀಕು, ಡ್ರಾಯಿಂಗ್ ಶುರುವಾದದ್ದು, ನಿಮ್ಮ ಸಹಿ ಆದದ್ದು, ಗ್ರಾಹಕರು ಒಪ್ಪಿದ್ದು, ಮೆಟೀರಿಯಲ್ ಬಂದದ್ದು, ಕಟಿಂಗ್ ಶುರುವಾದದ್ದು, ಮಾಲು ಹೊರಟದ್ದು. ಬಹುಪಾಲು ತಾರೀಕುಗಳು ಇಮೇಲ್, ಬಿಲ್, ಚಲನ್, ವಾಟ್ಸಾಪ್‌ನಲ್ಲೇ ಸಿಗುತ್ತವೆ. ಎಲ್ಲವನ್ನೂ ಒಂದೇ ಹಾಳೆಯಲ್ಲಿ ಸಾಲಾಗಿ ಬರೆಯಿರಿ.

ಇದರ ಜೊತೆಗೆ, ಈಗ ಓಡುತ್ತಿರುವ ಆರ್ಡರ್‌ಗಳಿಗೆ ಮೂರು ವಾರ ಒಂದೊಂದು ಕಾರ್ಡ್ ಅಂಟಿಸಿ. ಪ್ರತಿ ಹಂತದಲ್ಲಿ ನಾಲ್ಕು ವಿಷಯ ಬರೆದರೆ ಸಾಕು: ಯಾವಾಗ ಬಂತು, ಯಾವಾಗ ಕೈ ಹಾಕಿದರು, ಯಾವಾಗ ಮುಗಿಯಿತು, ಮಧ್ಯೆ ಯಾವುದಕ್ಕೆ ಕಾಯಿತು. ಯಾರು ತಡ ಮಾಡಿದರು ಅನ್ನುವ ಕಾಲಂ ಇಡಬೇಡಿ. ಇಟ್ಟರೆ ಮಾರನೆಯ ದಿನದಿಂದ ಕಾರ್ಡಿನಲ್ಲಿ ಸುಳ್ಳು ಶುರುವಾಗುತ್ತದೆ. ನಿಮ್ಮ ಮೇಜಿಗೂ ಅದೇ ಕಾರ್ಡು. ಅದನ್ನು ನೀವು ತುಂಬಬೇಡಿ, ಡ್ರಾಯಿಂಗ್‌ನವರು ತುಂಬಲಿ.

ಮೂರು ವಾರ ಆದ ಮೇಲೆ "ಯಾವುದಕ್ಕೆ ಕಾಯಿತು" ಅನ್ನುವುದನ್ನು ಕೂಡಿ. ಕಾಯುವಿಕೆಯ ದೊಡ್ಡ ಪಾಲು ಒಂದೆರಡು ಕಡೆ ಸಿಕ್ಕೇ ಸಿಗುತ್ತದೆ, ಹನ್ನೆರಡು ಕಡೆ ಸಮನಾಗಿ ಹಂಚಿಹೋಗಿದ್ದನ್ನು ನಾನು ನೋಡಿಲ್ಲ.

ಯಾವುದನ್ನು ಮೊದಲು ಮಾಡಬೇಕು

ನಾಳೆಯೇ ಮಾಡಬಹುದಾದದ್ದು ಒಂದಿದೆ, ಅದಕ್ಕೆ ಖರ್ಚೂ ಇಲ್ಲ. ಹೊಸ ಗ್ರಾಹಕರಿಗೆ ಐದು ವಾರ ಅನ್ನುವುದನ್ನು ನಿಲ್ಲಿಸಿ, ಎಂಟು ವಾರ ಅನ್ನಿ. ಮಾರಾಟದವರು ಕೂಗಾಡುತ್ತಾರೆ. ಒಂದಷ್ಟು ಆರ್ಡರ್ ಕೈತಪ್ಪುತ್ತವೆ, ಅದು ನಿಜವಾದ ನಷ್ಟವೇ. ಆದರೆ ಐದು ಅಂತ ಹೇಳಿ ಎಂಟು ಮಾಡಿದಾಗ ಏನಾಗುತ್ತದೆ ನೋಡಿ. ಗ್ರಾಹಕರು ಆರನೇ ವಾರದಿಂದ ಫೋನ್ ಮಾಡುತ್ತಾರೆ. ಜೋರಾಗಿ ಬೈದವರ ಆರ್ಡರ್ ಅರ್ಜೆಂಟ್ ಆಗುತ್ತದೆ. ಮಷಿನ್ ಮೇಲೆ ಅರ್ಧ ಆಗಿದ್ದ ಇನ್ನೊಬ್ಬರ ಕೆಲಸ ಕೆಳಗಿಳಿಯುತ್ತದೆ, ಸೆಟ್ಟಿಂಗ್ ಬದಲಾಗುತ್ತದೆ, ಕೆಳಗಿಳಿದ ಕೆಲಸದ ತುಂಡುಗಳು ಮೂಲೆ ಸೇರಿ ಒಂದೆರಡು ಕಳೆದೂ ಹೋಗುತ್ತವೆ. ಆ ಆರ್ಡರ್ ತಡವಾಗಿ ಅವರೂ ಫೋನ್ ಮಾಡುತ್ತಾರೆ. ಅರ್ಜೆಂಟ್ ಅನ್ನುವುದು ಹೀಗೆ ತಾನೇ ತನ್ನನ್ನು ಬೆಳೆಸಿಕೊಳ್ಳುತ್ತದೆ. ನಿಮ್ಮ ಓವರ್‌ಟೈಮ್‌ನ ದೊಡ್ಡ ಭಾಗ ಇಲ್ಲಿಂದಲೇ ಬರುತ್ತಿದೆ ಎಂದು ನನ್ನ ಅನುಮಾನ.

ಎರಡನೆಯದು ಶಾಪ್ ಫ್ಲೋರ್‌ಗೆ, ಅಂದರೆ ಕಟಿಂಗ್, ವೆಲ್ಡಿಂಗ್ ನಡೆಯುವ ಜಾಗಕ್ಕೆ, ಬಿಡುವ ಕೆಲಸಕ್ಕೆ ಮಿತಿ. ಆರ್ಡರ್ ತಗೊಳ್ಳಬೇಡಿ ಅಂತ ಹೇಳುತ್ತಿಲ್ಲ. ತಗೊಂಡ ಕೂಡಲೇ ಕಟಿಂಗ್‌ಗೆ ಕಳಿಸಬೇಡಿ ಅನ್ನುತ್ತಿದ್ದೇನೆ. ಡ್ರಾಯಿಂಗ್ ಒಪ್ಪಿಗೆಯಾಗಿ, ಮೆಟೀರಿಯಲ್ ಪೂರ್ತಿ ಬಂದ ಮೇಲೆ ಮಾತ್ರ ಫ್ಲೋರ್‌ಗೆ ಬಿಡಿ. ಫ್ಲೋರ್‌ನಲ್ಲಿ ಒಟ್ಟಿಗೆ ಇಂತಿಷ್ಟೇ ಆರ್ಡರ್, ಒಂದು ಹೊರಗೆ ಹೋದರೆ ಇನ್ನೊಂದು ಒಳಗೆ. ಮಿತಿ ಎಷ್ಟು ಅನ್ನುವುದು ನಿಮ್ಮ ಕಾರ್ಡುಗಳನ್ನು ನೋಡಿದ ಮೇಲೆ ಗೊತ್ತಾಗುತ್ತದೆ. ಈಗ ಇರುವುದಕ್ಕಿಂತ ಕಾಲು ಭಾಗ ಕಡಿಮೆಯಿಂದ ಶುರು ಮಾಡಿದರೆ ಯಾರಿಗೂ ಉಸಿರು ಕಟ್ಟುವುದಿಲ್ಲ. ಟೊಯೋಟಾದಲ್ಲಿ ತೈಚಿ ಓನೊ ಬೆಳೆಸಿದ ಕಾನ್‌ಬಾನ್ ಕಾರ್ಡುಗಳ ಹಿಂದೆ ಇದ್ದದ್ದೂ ಇದೇ: ಮುಂದಿನವರು ಕೇಳದೆ ಹಿಂದಿನವರು ಮಾಡಬಾರದು.

ಇದರ ಅಪಾಯವನ್ನೂ ಹೇಳಬೇಕು. ಮೊದಲ ಕೆಲವು ವಾರ ಯಾರೋ ಒಬ್ಬರು ಖಾಲಿ ಕೂತಿದ್ದು ನಿಮ್ಮ ಕಣ್ಣಿಗೆ ಬೀಳುತ್ತದೆ. ಸಂಬಳ ಕೊಡುವವರಿಗೆ ಅದನ್ನು ನೋಡಿಕೊಂಡು ಸುಮ್ನಿರುವುದು ಕಷ್ಟ. "ಸುಮ್ನೆ ಕೂರೋ ಬದಲು ಮುಂದಿನ ತಿಂಗಳದ್ದು ಕಟ್ ಮಾಡು" ಅಂತ ಹೇಳಿಬಿಡುತ್ತೀರಿ. ಮಿತಿ ಅಲ್ಲಿಗೆ ಮುಗಿಯಿತು. ಖಾಲಿ ಕೂತವರನ್ನು ಎಲ್ಲಿ ತಡೆ ಇದೆಯೋ ಆ ಕಡೆಗೆ ಸಹಾಯಕ್ಕೆ ಕಳಿಸಿ, ಅಥವಾ ಇನ್ನೊಂದು ಮಷಿನ್ ಕಲಿಯಲು ಹಚ್ಚಿ.

ಈ ಮಿತಿಯಿಂದಷ್ಟೇ ಎಂಟು ವಾರ ಐದು ಆಗುವುದಿಲ್ಲ. ಹೊರಗೆ ಕಾಯುವ ಆರ್ಡರ್ ಕೂಡ ಗ್ರಾಹಕರ ಪಾಲಿಗೆ ಕಾಯುವುದೇ ತಾನೇ? ಐದು ವಾರಕ್ಕೆ ಬರಬೇಕಾದರೆ, ವಾರಕ್ಕೆ 8ರ ಲೆಕ್ಕದಲ್ಲಿ ಕೈಯಲ್ಲಿ 40 ಆರ್ಡರ್ ಇರಬೇಕು. ಈಗ ಇರುವುದು 64. 24 ಇಳಿಸಬೇಕು. ಹೊಸದಾಗಿ ವಾರಕ್ಕೆ 8 ಬರುತ್ತಲೇ ಇದ್ದು, ನೀವು ವಾರಕ್ಕೆ 10 ಮುಗಿಸಿದರೂ 12 ವಾರ ಬೇಕು. ಎರಡು ವಾರದಲ್ಲಿ ಸರಿ ಮಾಡಿಕೊಡುತ್ತೇನೆ ಅನ್ನುವವರು ಬಂದರೆ ಈ ಭಾಗಾಕಾರ ತೋರಿಸಿ.

ಆ ಹೆಚ್ಚಿನ ಎರಡು ಆರ್ಡರ್ ಎಲ್ಲಿಂದ ಬರಬೇಕು? ತಡೆ ಇರುವ ಜಾಗದಿಂದ. ಅದು ನಿಮ್ಮ ಮೇಜು ಎಂದು ಸಾಬೀತಾದರೆ, ಡ್ರಾಯಿಂಗ್‌ಗಳನ್ನು ಮೂರು ಗುಂಪು ಮಾಡಿ. ಹಿಂದೆ ಮಾಡಿದ್ದೇ ಮಾದರಿ, ಅಳತೆ ಮಾತ್ರ ಬೇರೆ: ಇದನ್ನು ಒಬ್ಬರು ಮಾಡಿ ಇನ್ನೊಬ್ಬ ಡ್ರಾಯಿಂಗ್‌ನವರು ನೋಡಿದರೆ ಸಾಕು, ನಿಮ್ಮ ಹತ್ತಿರ ಬರುವುದೇ ಬೇಡ. ಮಾದರಿ ಹೊಸದು, ಆದರೆ ಮಾಮೂಲಿ ಮೆಟೀರಿಯಲ್, ಮಾಮೂಲಿ ಭಾರ: ಡ್ರಾಯಿಂಗ್ ವಿಭಾಗದ ಹಿರಿಯರು ಸಹಿ ಹಾಕಲಿ, ನೀವು ವಾರಕ್ಕೊಮ್ಮೆ ಪಟ್ಟಿ ನೋಡಿ. ಹೆಚ್ಚು ಭಾರ ಹೊರುವಂಥದ್ದು, ಗೋಡೆಗೆ ಅಥವಾ ಮೇಲಿಂದ ತೂಗುಹಾಕುವಂಥದ್ದು, ಬಿದ್ದರೆ ಜನಕ್ಕೆ ಪೆಟ್ಟಾಗುವಂಥದ್ದು, ನೀವು ನಿಗದಿ ಮಾಡಿದ ಮೊತ್ತಕ್ಕಿಂತ ದೊಡ್ಡದು: ಇವು ನಿಮಗೇ ಬರಲಿ. ಮೂರನೇ ಗುಂಪು ಮಾಲೀಕರು ಭಯಪಟ್ಟಿದ್ದಕ್ಕಿಂತ ಚಿಕ್ಕದಾಗಿರುವುದನ್ನೇ ನಾನು ಕಂಡಿದ್ದೇನೆ. ಕೊಟೇಶನ್‌ಗೂ ಇದೇ ರೀತಿ. ರೇಟ್ ಪಟ್ಟಿಯೊಳಗೆ ಇರುವುದಕ್ಕೆ ನೀವು ಯಾಕೆ?

ತಪ್ಪುಗಳು ಆಗುತ್ತವೆ, ಈಗಲೂ ಆಗುತ್ತಿವೆ. ತಪ್ಪು ಎಲ್ಲಿ ಸಿಗುತ್ತದೆ ಅನ್ನುವುದರ ಮೇಲೆ ಖರ್ಚು ನಿಂತಿದೆ. ಕಟಿಂಗ್‌ಗೆ ಮೊದಲು ಸಿಕ್ಕರೆ ಒಂದು ಹಾಳೆ ಹೋಯಿತು. ಪೌಡರ್ ಕೋಟಿಂಗ್ ಆದ ಮೇಲೆ ಸಿಕ್ಕರೆ ಇಡೀ ಪೀಸ್ ಹೋಯಿತು. ಗ್ರಾಹಕರ ಜಾಗದಲ್ಲಿ ಕೂರಿಸುವಾಗ ಸಿಕ್ಕರೆ ಪೀಸಿನ ಜೊತೆ ಮರ್ಯಾದೆಯೂ ಹೋಯಿತು. ಹಾಗಾಗಿ ಕಟಿಂಗ್‌ಗೆ ಹಾಕುವವರ ಕೈಗೆ ಒಂದು ಚಿಕ್ಕ ಪಟ್ಟಿ ಕೊಡಿ: ಒಟ್ಟು ಉದ್ದ, ಅಗಲ, ಎತ್ತರ, ಶೀಟ್ ದಪ್ಪ, ತೂತುಗಳ ಜಾಗ, ಗ್ರಾಹಕರು ಒಪ್ಪಿದ ಡ್ರಾಯಿಂಗ್ ಇದೇನಾ. ಸರಿ ಕಾಣದಿದ್ದರೆ ನಿಲ್ಲಿಸುವ ಹಕ್ಕು ಅವರಿಗಿರಲಿ. ನಿಲ್ಲಿಸಿದವರಿಗೆ ಬೈಗುಳ ಬೀಳಬಾರದು.

ನಿಜವಾದ ಅಪಾಯ ನಿಮ್ಮಿಂದಲೇ. ಹೊಸ ಪದ್ಧತಿ ಬಂದ ಎರಡನೇ ವಾರ ಒಂದು ತಪ್ಪಾಗುತ್ತದೆ. "ನೋಡಿದ್ರಾ, ಅದಕ್ಕೇ ನಾನೇ ನೋಡ್ತಿದ್ದೆ" ಅಂತ ಸಹಿ ವಾಪಸ್ ತಗೊಳ್ಳುತ್ತೀರಿ. ಹಾಗೊಮ್ಮೆ ತಗೊಂಡರೆ ಮುಂದಿನ ಸಲ ಕೊಟ್ಟಾಗ ಯಾರೂ ಕೈ ಚಾಚುವುದಿಲ್ಲ. ಹಾಗಾಗಿ ಮೊದಲೇ ಬರೆದಿಡಿ: ಇಷ್ಟು ತಿಂಗಳು ಈ ಪದ್ಧತಿ ನಡೆಯುತ್ತದೆ, ಇಷ್ಟು ಮೊತ್ತದ ತನಕ ತಪ್ಪಿನ ಖರ್ಚು ಕಂಪನಿಯದು, ಅದು ದಾಟಿದರೆ ಕೂತು ಮಾತಾಡೋಣ. ಈಗ ತಪ್ಪಿಗೆ ಎಷ್ಟು ಖರ್ಚಾಗುತ್ತಿದೆ ಎಂದು ಮೊದಲು ಲೆಕ್ಕ ಹಾಕಿ, ಹೋಲಿಸಲು ಏನಾದರೂ ಬೇಕಲ್ಲ.

ಇನ್ನೊಂದು ಚಿಕ್ಕ ನಿಯಮ. ಗ್ರಾಹಕರು ಡ್ರಾಯಿಂಗ್ ಒಪ್ಪಿದ ಮೇಲೆ ಬದಲಾವಣೆ ಕೇಳಿದರೆ ಹೊಸ ತಾರೀಕು, ಹೊಸ ರೇಟ್. ಹೇಳುವ ರೀತಿ ನಯವಾಗಿರಲಿ, ಆದರೆ ಹೇಳದೇ ಬಿಡಬೇಡಿ.

ಲಾಭ ಯಾಕೆ ಕದಲಲಿಲ್ಲ

ಒಂದು ಭಾಗ ಗೊತ್ತೇ ಇದೆ: ಸಂಬಳ, ಓವರ್‌ಟೈಮ್, ಮತ್ತೆ ಮಾಡಿಕೊಟ್ಟ ಪೀಸುಗಳು, ತಡವಾದದ್ದಕ್ಕೆ ಬಿಟ್ಟುಕೊಟ್ಟ ಬಿಲ್. 64 ಆರ್ಡರ್‌ಗೆ ತಂದ ಮೆಟೀರಿಯಲ್ ದುಡ್ಡು ನೆಲದ ಮೇಲೆ ಬಿದ್ದಿದೆ, ಅದಕ್ಕೆ ಬಡ್ಡಿ ಓಡುತ್ತಿದೆ.

ಇನ್ನೊಂದು ಭಾಗ ಅಕೌಂಟ್ ಪುಸ್ತಕದಲ್ಲಿ ಕಾಣುವುದಿಲ್ಲ. ಒಂದು ಆರ್ಡರ್‌ನಿಂದ ಮೆಟೀರಿಯಲ್ ಮತ್ತು ಹೊರಗಿನ ಕೆಲಸದ ಖರ್ಚು ಕಳೆದು 300 ಉಳಿಯಿತು ಅಂದುಕೊಳ್ಳಿ, ಡ್ರಾಯಿಂಗ್‌ಗೆ 30 ಗಂಟೆ ಹಿಡಿಯಿತು. ಇನ್ನೊಂದರಿಂದ 120 ಮಾತ್ರ ಉಳಿಯಿತು, ಡ್ರಾಯಿಂಗ್‌ಗೆ 4 ಗಂಟೆ. ಮೊದಲನೆಯದು ದೊಡ್ಡ ಆರ್ಡರ್, ಎಲ್ಲರೂ ಖುಷಿಪಡುತ್ತಾರೆ. ಆದರೆ ತಡೆ ಇರುವುದು ಡ್ರಾಯಿಂಗ್‌ನಲ್ಲಾದರೆ, ಮೊದಲನೆಯದು ಗಂಟೆಗೆ 10 ಕೊಟ್ಟಿತು, ಎರಡನೆಯದು ಗಂಟೆಗೆ 30. ದೊಡ್ಡ ಆರ್ಡರ್ ಹಿಡಿದುಕೊಂಡ ಹೊತ್ತಿನಲ್ಲಿ ಏಳು ಚಿಕ್ಕ ಆರ್ಡರ್ ಮುಗಿಯುತ್ತಿದ್ದವು. ಕಳೆದ ಇಪ್ಪತ್ತು ಆರ್ಡರ್‌ಗಳಿಗೆ ಈ ಭಾಗಾಕಾರ ಮಾಡಿ ನೋಡಿ. ತಲೆಕೆಳಗಾದ ಪಟ್ಟಿ ಬಂದರೆ ಗಾಬರಿಯಾಗಬೇಡಿ. ಹಾಗಂತ ದೊಡ್ಡ ಗ್ರಾಹಕರನ್ನು ಬಿಡಿ ಅನ್ನುತ್ತಿಲ್ಲ. ಡ್ರಾಯಿಂಗ್‌ಗೆ ಬೇರೆಯಾಗಿ ದುಡ್ಡು ಕೇಳಬಹುದು, ಎಷ್ಟು ಸಲ ಬದಲಾಯಿಸಬಹುದು ಎಂದು ಮೊದಲೇ ಹೇಳಬಹುದು.

ಉಳಿದ ಸಲಹೆಗಳು

ಸಾಫ್ಟ್‌ವೇರ್ ಬೇಕಾಗುತ್ತದೆ, ಈಗ ಬೇಡ. ಇಆರ್‌ಪಿ ನಿಮ್ಮ ಈಗಿನ ದಾರಿಯನ್ನೇ ಕಂಪ್ಯೂಟರ್ ಒಳಗೆ ಹಾಕುತ್ತದೆ. ಡ್ರಾಯಿಂಗ್ ನಿಮ್ಮ ಸಹಿಗೆ ಕಾಯುವುದಾದರೆ, ಇನ್ನು ಮುಂದೆ ಸ್ಕ್ರೀನ್ ಮೇಲೆ ಕಾಯುತ್ತದೆ. ಜೊತೆಗೆ ಹಾಕಿಸುವ ಸಮಯವೂ ಮುಖ್ಯ. 1999ರಲ್ಲಿ ಅಮೆರಿಕದ ಚಾಕೊಲೇಟ್ ಕಂಪನಿ ಹರ್ಶೀಸ್, ವರ್ಷದ ದೊಡ್ಡ ಸೀಸನ್ ಹತ್ತಿರ ಬರುತ್ತಿದ್ದಾಗ ಹೊಸ ವ್ಯವಸ್ಥೆ ಶುರು ಮಾಡಿತು. ಗೋದಾಮಿನಲ್ಲಿ ಮಾಲು ಇದ್ದರೂ ಸುಮಾರು 10 ಕೋಟಿ ಡಾಲರ್ ಆರ್ಡರ್‌ಗಳನ್ನು ಸಮಯಕ್ಕೆ ಕಳಿಸಲಾಗಲಿಲ್ಲ. ಅಷ್ಟು ದೊಡ್ಡವರಿಗೇ ಹಾಗಾಯಿತು. ಐದು ವಾರ ಅಂತ ಹೇಳಿ ಎಂಟು ವಾರ ತೆಗೆದುಕೊಳ್ಳುತ್ತಿರುವ ಕಂಪನಿ ಇಂಥದ್ದಕ್ಕೆ ಕೈ ಹಾಕುವುದು ಜಾಮ್ ಆದ ರಸ್ತೆಯನ್ನು ಅಗೆದ ಹಾಗೆ. ಮೂರು ತಿಂಗಳು ಕಾರ್ಡು, ಒಂದು ದೊಡ್ಡ ಬೋರ್ಡು, ಒಂದು ಎಕ್ಸೆಲ್ ಹಾಳೆಯಲ್ಲಿ ನಡೆಸಿ. ಆಮೇಲೆ ಸಾಫ್ಟ್‌ವೇರ್ ಮಾರುವವರಿಗೆ ನಿಮಗೇನು ಬೇಕು ಎಂದು ನೀವೇ ಹೇಳುತ್ತೀರಿ, ಅವರು ಹೇಳುವುದನ್ನು ಕೇಳುತ್ತಾ ಕೂರುವುದಿಲ್ಲ.

ಇನ್ಸೆಂಟಿವ್ ಬಗ್ಗೆ ನನ್ನ ಅಭಿಪ್ರಾಯ ಗಟ್ಟಿಯಾಗೇ ಇದೆ. ಹಂತಹಂತಕ್ಕೆ ಟಾರ್ಗೆಟ್ ಕೊಡಬೇಡಿ. ಕಟಿಂಗ್‌ನವರಿಗೆ ದಿನಕ್ಕೆ ಇಷ್ಟು ಶೀಟ್ ಅಂದರೆ ಅವರು ಸುಲಭದ ದೊಡ್ಡ ಕೆಲಸವನ್ನೇ ಮೊದಲು ಕತ್ತರಿಸುತ್ತಾರೆ. ಇವತ್ತು ಬೇಕಾದ ಚಿಕ್ಕದು ಹಿಂದೆ ಬೀಳುತ್ತದೆ. ಜನ ಕೆಟ್ಟವರಲ್ಲ, ನೀವು ಕೇಳಿದ್ದನ್ನೇ ಕೊಡುತ್ತಿದ್ದಾರೆ. ಅಮೆರಿಕದ ವೆಲ್ಸ್ ಫಾರ್ಗೋ ಬ್ಯಾಂಕಿನಲ್ಲಿ ಖಾತೆ ತೆರೆಸುವ ಟಾರ್ಗೆಟ್‌ನ ಒತ್ತಡಕ್ಕೆ ನೌಕರರು ಗ್ರಾಹಕರಿಗೆ ಗೊತ್ತಿಲ್ಲದೆ ಖಾತೆ ತೆರೆದರು. 2016ರಲ್ಲಿ ಬ್ಯಾಂಕಿಗೆ 18.5 ಕೋಟಿ ಡಾಲರ್ ದಂಡ ಬಿತ್ತು, ಸುಮಾರು 5,300 ಜನ ಅಷ್ಟರಲ್ಲಿ ಕೆಲಸ ಕಳೆದುಕೊಂಡಿದ್ದರು. ಕೊಡಲೇಬೇಕು ಅನ್ನಿಸಿದರೆ ಎಲ್ಲರಿಗೂ ಸೇರಿ ಒಂದೇ ಅಳತೆ ಇಡಿ: ಮಾತು ಕೊಟ್ಟ ತಾರೀಕಿಗೆ, ವಾಪಸ್ ಬಾರದ ಹಾಗೆ ಹೋದ ಆರ್ಡರ್ ಎಷ್ಟು. ಅದೂ ಪದ್ಧತಿ ನೆಟ್ಟಗಾದ ಮೇಲೆ.

ಜನರಲ್ ಮ್ಯಾನೇಜರ್ ಮತ್ತು ಡಿಪಾರ್ಟ್‌ಮೆಂಟ್ ವಿಷಯದಲ್ಲಿ ಕನ್ಸಲ್ಟೆಂಟ್ ಹೇಳಿದ್ದು ಪೂರ್ತಿ ತಪ್ಪಲ್ಲ. 18 ಜನರಲ್ಲಿ ಒಬ್ಬರಿಗೊಬ್ಬರು ಮಾತಾಡಬಹುದಾದ ಜೋಡಿಗಳು 153. 46 ಜನರಲ್ಲಿ 1,035. ಮೊದಲು ಯಾರಿಗೆ ಏನು ಗೊತ್ತಿರಬೇಕೋ ಅದು ತಾನಾಗೇ ಹರಡುತ್ತಿತ್ತು, ಈಗ ಹರಡುವುದಿಲ್ಲ. ಏನೋ ಒಂದು ಕಟ್ಟು ಬೇಕೇ ಬೇಕು. ಆದರೆ ನೀವು ಸಹಿ ಬಿಟ್ಟುಕೊಡದೆ ಮ್ಯಾನೇಜರ್ ತಂದರೆ ಸಾಲಿನಲ್ಲಿ ಇನ್ನೊಂದು ಸಹಿ ಸೇರುತ್ತದೆ, ಅಷ್ಟೇ. ಅವರು ಆರು ತಿಂಗಳಲ್ಲಿ ಬೇಸತ್ತು ಹೋಗುತ್ತಾರೆ. ಡಿಪಾರ್ಟ್‌ಮೆಂಟ್ ಮಾಡಿದರೆ ಒಂದರಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಆರ್ಡರ್ ಅನಾಥವಾಗುತ್ತದೆ. ನಾನಾದರೆ ಸದ್ಯಕ್ಕೆ ಪ್ರತಿ ಆರ್ಡರ್‌ಗೆ ಒಬ್ಬರ ಹೆಸರು ಬರೆಯುತ್ತೇನೆ. ಬಂದ ದಿನದಿಂದ ಕೂರಿಸಿ ಬಿಲ್ ಆಗುವ ತನಕ ಅದು ಎಲ್ಲಿದೆ ಎಂದು ಹೇಳಬೇಕಾದವರು ಅವರೇ. ಈಗ ಇರುವವರಲ್ಲೇ ಮೂರು ನಾಲ್ಕು ಜನ ಸಿಗುತ್ತಾರೆ, ಆಮೇಲೆ ಅವರಲ್ಲೇ ಒಬ್ಬರು ಮ್ಯಾನೇಜರ್ ಆಗಲೂಬಹುದು.

ನನ್ನದೇ ವೃತ್ತಿಯವರ, ಅಂದರೆ ಕನ್ಸಲ್ಟೆಂಟ್‌ಗಳ ಬಗ್ಗೆ ಹೇಳುವುದು ಸ್ವಲ್ಪ ಮುಜುಗರ, ಆದರೂ ಹೇಳಬೇಕು. ಆಫೀಸಿನಲ್ಲೇ ಅರ್ಧ ದಿನ ಕೂತು, ಒಂದು ಆರ್ಡರ್ ಹಿಂದೆಯೂ ನಡೆದು ನೋಡದೆ ಯಾರಾದರೂ ಚಾರ್ಟ್ ಬರೆದುಕೊಟ್ಟರೆ, ಆ ಚಾರ್ಟ್ ನಿಮ್ಮಲ್ಲಿಗೆ ಬರುವ ಮೊದಲೇ ಎಲ್ಲೋ ಸಿದ್ಧವಾಗಿತ್ತು. "ಬದಲಾವಣೆಯಲ್ಲಿ ನೂರಕ್ಕೆ 70 ಸೋಲುತ್ತವೆ, ಅದಕ್ಕೇ ನಮ್ಮಂಥವರು ಬೇಕು" ಅನ್ನುವ ಮಾತೂ ನಿಮ್ಮ ಕಿವಿಗೆ ಬೀಳಬಹುದು. ಈ 70ರ ಮೂಲ ಹುಡುಕಿ 2011ರಲ್ಲಿ ಬ್ರಿಟನ್ನಿನ ಒಬ್ಬ ಸಂಶೋಧಕರು ಬರೆದಿದ್ದಾರೆ. ಅದನ್ನು ಹೇಳಿದ ಬರಹಗಳಲ್ಲಿ ನಂಬಬಹುದಾದ ಲೆಕ್ಕ ಅವರಿಗೆ ಸಿಗಲಿಲ್ಲ. ಭಯ ಹುಟ್ಟಿಸಲು ಮಾತ್ರ ಅದು ಚೆನ್ನಾಗಿ ಕೆಲಸ ಮಾಡುತ್ತದೆ.

ಕನ್ಸಲ್ಟೆಂಟ್ ಬೇಡ ಅನ್ನುತ್ತಿಲ್ಲ. ಕಾರ್ಡುಗಳನ್ನು ಕೂಡಿದ ಮೇಲೆಯೂ ತಡೆ ಎಲ್ಲಿದೆ ಎಂದು ಗೊತ್ತಾಗದಿದ್ದರೆ, ಅಥವಾ ಗೊತ್ತಾಗಿ ಮೂರು ತಿಂಗಳಾದರೂ ವಾರಕ್ಕೆ 8 ಅನ್ನುವುದು ಕದಲದಿದ್ದರೆ ಕರೆಸಿ. ಆ ಹಾಳೆಗಳನ್ನು ಅವರ ಮುಂದಿಡಿ. ಅವರು ಹೋದ ಮೇಲೆ ಇದನ್ನು ನಡೆಸುವವರು ಯಾರು ಎಂದು ಮೊದಲ ದಿನವೇ ಕೇಳಿ.

ಕೊನೆಗೆ ನಿಮ್ಮ ಸೂಪರ್‌ವೈಸರ್. ಈಗ ತೆಗೆಯಬೇಡಿ. ಡ್ರಾಯಿಂಗ್ ಯಾವಾಗ ಬರುತ್ತದೆ, ಮೆಟೀರಿಯಲ್ ಯಾವಾಗ ಬರುತ್ತದೆ, ಯಾವ ಆರ್ಡರ್ ಅರ್ಜೆಂಟ್ ಆಗುತ್ತದೆ, ಇದು ಯಾವುದೂ ಅವರ ಕೈಯಲ್ಲಿಲ್ಲ. ಅವರ ಜಾಗಕ್ಕೆ ಯಾರು ಬಂದರೂ ಅದೇ ಒಂದು ವಾರ ಖಾಲಿ, ಒಂದು ವಾರ ಓವರ್‌ಟೈಮ್ ಸಿಗುತ್ತದೆ. ಮೇಲಾಗಿ ಯಾವ ಹಳೆಯ ಗ್ರಾಹಕರಿಗೆ ಏನು ಮಾಡಿಕೊಟ್ಟಿದ್ದೀರಿ, ಯಾವ ಮಷಿನ್ ಹೇಗೆ ಹಟ ಮಾಡುತ್ತದೆ ಅನ್ನುವುದು ಅವರ ತಲೆಯಲ್ಲಿ ಮಾತ್ರ ಇರಬಹುದು. ಫ್ಲೋರ್‌ಗೆ ಮಿತಿ ಹಾಕಿ, ಪೂರ್ತಿ ಸಿದ್ಧವಾದ ಕೆಲಸವನ್ನಷ್ಟೇ ಮೂರು ತಿಂಗಳು ಅವರ ಕೈಗೆ ಕೊಡಿ. ಆಗಲೂ ಫ್ಲೋರ್ ಒಳಗೇ ಕೆಲಸ ಕಾಯುತ್ತಾ ನಿಂತರೆ ಅವರ ಜೊತೆ ಕೂತು ಮಾತಾಡಿ. ಇಷ್ಟು ಜನರನ್ನು ನೋಡಿಕೊಳ್ಳುವುದು ಅವರಿಗೇ ಬೇಡವಾಗಿರಬಹುದು. ಒಳ್ಳೆಯ ಕೈಕೆಲಸದವರಲ್ಲಿ ಅನೇಕರು ಮೇಲ್ವಿಚಾರಣೆಯನ್ನು ಬಲವಂತಕ್ಕೆ ಹೊತ್ತಿರುತ್ತಾರೆ. ಹಾಗಿದ್ದರೆ ಸಂಬಳ ಕಡಿಮೆ ಮಾಡದೆ ಅವರನ್ನು ಹೊಸಬರಿಗೆ ಕಲಿಸುವ ಕೆಲಸಕ್ಕೆ, ಕಟಿಂಗ್‌ಗೆ ಮೊದಲಿನ ಆ ಪಟ್ಟಿಯ ಜವಾಬ್ದಾರಿಗೆ ಹಾಕಬಹುದು. ಕಾರ್ಡು ಹಾಕುವ ವಿಷಯವನ್ನು ಮೊದಲು ಅವರಿಗೇ ಹೇಳಿ, ಯಾವ ಹಂತಗಳನ್ನು ಬರೆಯಬೇಕು ಎಂದು ಅವರನ್ನೇ ಕೇಳಿ. ಆರ್ಡರ್ ಎಲ್ಲಿ ಕಾಯುತ್ತದೆ ಎಂಬುದರ ಅರ್ಧ ಉತ್ತರ ಅವರ ಹತ್ತಿರವೇ ಇರುತ್ತದೆ.